ಬಾವಿ ಮುಚ್ಚಳದ ಮೇಲಿನ ಹೊಗೆಸೊಪ್ಪು

ಹೋದ ವಾರ ಮೊಮ್ಮಗಳು ಇಳಾ, ಇಲ್ಲಿ ಅಮೆರಿಕದ ನೋವೈ ಊರಿನ ಲೈಬ್ರರಿಯಿಂದ ಒಂದು ಪುಸ್ತಕ ತಂದು ನನ್ನ ತೊಡೆಯ ಮೇಲೆ ಧೊಪ್ಪನೆ ಹಾಕಿದಳು. ಮಕ್ಕಳ ಪುಸ್ತಕ. ಪ್ರತಿ ಪುಟದಲ್ಲೂ ಒಂದು ಸಾಲು ಒಜಿಬ್ವೆ ಭಾಷೆಯಲ್ಲಿ, ಅದರ ಕೆಳಗೆ ಅದೇ ಸಾಲು ಇಂಗ್ಲಿಷಿನಲ್ಲಿ. ಒಜಿಬ್ವೆ ಅಂದರೆ ಇಲ್ಲಿಯ ದೊಡ್ಡ ಸರೋವರಗಳ ಸುತ್ತ ನಾವೆಲ್ಲ ಬರುವುದಕ್ಕೆ ಎಷ್ಟೋ ಮೊದಲಿನಿಂದ ಇರುವ ಜನ. ನೀರನ್ನು ಹೇಗೆ ಗೌರವದಿಂದ ಕಾಣಬೇಕು, ಹೇಗೆ ಕಾಪಾಡಬೇಕು ಅಂತ ಮಕ್ಕಳಿಗೆ ಹೇಳುವ ಪುಸ್ತಕ. ಇಳಾ ಬಾಯಿ ತೆರೆಯುವ ಮೊದಲೇ ನಾನು ಮೇಲಿನ ಸಾಲಿನಲ್ಲಿದ್ದ ಒಂದು ಪದದ ಮೇಲೆ ಬೆರಳಿಟ್ಟು "ನಿಬಿ" ಎಂದೆ. ನಿಬಿ ಅಂದರೆ ನೀರು.

"ಹೌ ಡು ಯೂ ನೋ ದಟ್, ಅಜ್ಜಿ?" ಎಂದು ಅವಳು ಕಣ್ಣರಳಿಸಿದಳು.

ಏನಂತ ಹೇಳಲಿ? ಪುಸ್ತಕ ಹೊಸದು, ಹೊಸ ಕಾಗದದ ವಾಸನೆ ಬಿಟ್ಟರೆ ಅದರಲ್ಲಿ ಬೇರೇನೂ ಇಲ್ಲ. ನನ್ನ ಮೂಗಿಗೆ ಮಾತ್ರ ಹಳೇ ಸೈಕ್ಲೋಸ್ಟೈಲ್ ಯಂತ್ರದ ಮಸಿಯ ವಾಸನೆ ಬಂತು, ಅದರ ಬೆನ್ನಿಗೇ ಕರಗುವ ಹಿಮದಲ್ಲಿ ಸಗಣಿ ನೆನೆದ ವಾಸನೆ. ಎಂಬತ್ತರ ಹತ್ತಿರ ಬಂದ ಮುದುಕಿ ಒಂದು ವಾಸನೆಗೆ ಹೆದರುತ್ತಾಳೆ ಅಂತ ನಗಬೇಡಿ. ನಾನು ಹುಟ್ಟಾ ಹೆದರುಪುಕ್ಕಲಿ, ಒಪ್ಪಿಕೊಳ್ಳುತ್ತೇನೆ. ಕತ್ತಲೆಗೆ, ನಾಯಿಗೆ, ಲಿಫ್ಟಿಗೆ, ಎಲ್ಲಕ್ಕೂ ಹೆದರಿದವಳು. ಆದರೆ ಆ ಒಂದು ವಸಂತದಲ್ಲಿ ಹೆದರಿದ ಹಾಗೆ ಅದಕ್ಕೆ ಮುಂಚೆ ಹೆದರಿರಲಿಲ್ಲ, ಆಮೇಲೂ ಹೆದರಿಲ್ಲ.

ಎಪ್ಪತ್ತರ ದಶಕದ ಮೊದಲ ವರ್ಷಗಳು. ಇವರಿಗೆ, ಅಂದರೆ ನಮ್ಮ ಯಜಮಾನರಿಗೆ, ಡೆಟ್ರಾಯಿಟಿನ ಪಕ್ಕದ ಡಿಯರ್‌ಬಾರ್ನ್‌ನಲ್ಲಿ ಎಂಜಿನಿಯರ್ ಕೆಲಸ. ಮೊದಲು ಡೆಟ್ರಾಯಿಟ್ ಊರೊಳಗೇ ಒಂದು ಅಪಾರ್ಟ್‌ಮೆಂಟಿನಲ್ಲಿದ್ದೆವು. ಅರವತ್ತೇಳರ ಜನಾಂಗೀಯ ಗಲಭೆಯಲ್ಲಿ ಸುಟ್ಟ ಅಂಗಡಿಗಳ ಗೋಡೆಗಳು ಇನ್ನೂ ಹಾಗೇ ಕಪ್ಪಗೆ ನಿಂತಿದ್ದ ಕಾಲ. ನಾನು ಬಸುರಿ ಅಂತ ಗೊತ್ತಾದ ಮೇಲೆ ಇವರಿಗೂ ಹೆದರಿಕೆ ಹತ್ತಿಕೊಂಡಿತು. "ಇಲ್ಲಿ ಬೇಡ ಕಣೇ, ಊರಾಚೆ ಹೋಗೋಣ. ಒಳ್ಳೆ ಗಾಳಿ, ಒಳ್ಳೆ ನೀರು," ಎಂದು ನೋವೈಗೆ ಕರೆತಂದರು. ಈಗಿನ ನೋವೈ ಅಂದುಕೊಳ್ಳಬೇಡಿ. ಬಾಲಾಜಿ ದೇವಸ್ಥಾನ ಇರಲಿಲ್ಲ, ತೊಗರಿಬೇಳೆ ಸಿಗುವ ಅಂಗಡಿ ಇರಲಿಲ್ಲ, ಸಬ್‌ಡಿವಿಷನ್, ಅಂದರೆ ಸಾಲುಮನೆಗಳ ಬಡಾವಣೆ, ಅನ್ನುವ ಪದವನ್ನೇ ನಾನು ಕೇಳಿರಲಿಲ್ಲ. ಮುಸುಕಿನ ಜೋಳದ ಹೊಲ, ಸೇಬಿನ ಗಿಡ, ಮಣ್ಣುರಸ್ತೆ. ಒಬ್ಬ ಮುದಿ ರೈತ ತನ್ನ ಜಮೀನಿನಲ್ಲಿದ್ದ ಹಳೇ ಮರದ ಮನೆಯನ್ನು ನಮಗೆ ಬಾಡಿಗೆಗೆ ಕೊಟ್ಟಿದ್ದ. ಹಿತ್ತಲಲ್ಲಿ ಒಂದು ತೋಡುಬಾವಿ, ಅದಕ್ಕೆ ಕಾಂಕ್ರೀಟಿನ ಮುಚ್ಚಳ. ಪಂಪು ಅದರ ನೀರನ್ನೇ ಅಡುಗೆಮನೆಯ ನಲ್ಲಿಗೆ ಕೊಡುತ್ತಿತ್ತು. ಬಾವಿಯ ಹಿಂದೆ ನೆಲ ಏರುತ್ತ ಹೋಗಿ, ದಿಬ್ಬದ ಮೇಲೆ ಅವನ ದನದ ಕೊಟ್ಟಿಗೆ. ಇವರು ಮೊದಲ ದಿನವೇ ನಲ್ಲಿಯಿಂದ ಒಂದು ಲೋಟ ಹಿಡಿದು ಗಟಗಟ ಕುಡಿದು, "ಇದಪ್ಪಾ ನೀರು ಅಂದ್ರೆ!" ಎಂದು ಮೀಸೆ ಒರೆಸಿಕೊಂಡರು.

ಬಾಣಂತನಕ್ಕೆ ಮೈಸೂರಿನಿಂದ ಅಮ್ಮ ಬಂದಳು. ಮೈಸೂರು ದಾಟಿ ಬೆಂಗಳೂರಿಗೆ ಹೋಗುವುದೇ ದೊಡ್ಡ ಪ್ರಯಾಣ ಅನ್ನುತ್ತಿದ್ದವಳು, ಮೂರು ವಿಮಾನ ಹತ್ತಿಳಿದು, ಬ್ಯಾಗಿನಲ್ಲಿ ಬಜೆ, ಓಮ, ಒಣಶುಂಠಿ ಮತ್ತು ಒಂದು ತಾಮ್ರದ ಚೊಂಬು ಹೊತ್ತು ಬಂದಳು. ಕೊರೆಯುವ ಚಳಿಯಲ್ಲಿ ಗಂಡುಮಗು ಹುಟ್ಟಿತು. ಅಪ್ಪನ ಬಣ್ಣವೇ, ಎಣ್ಣೆಗೆಂಪು ಬಣ್ಣ. ಅಮ್ಮ ಶ್ಯಾಮಸುಂದರ ಅಂತ ಹೆಸರಿಟ್ಟಳು. ಕೆಲವೇ ವಾರಕ್ಕೆ ನನಗೆ ಎದೆ ಬಾವು ಬಂದು ಜ್ವರ ಏರಿತು. ಡಾಕ್ಟರು ಮಾತ್ರೆ ಕೊಟ್ಟು, ಹಾಲೂಡಿಸುವುದು ನಿಲ್ಲಿಸಿ ಎಂದರು. ಮಗುವಿಗೆ ಡಬ್ಬಿಯ ಪುಡಿಹಾಲು ಶುರುವಾಯಿತು. "ಈ ಹಿಟ್ಟು ಕಲಸಿದ ನೀರು ಕುಡಿದು ಮಗು ಬೆಳೆಯತ್ತೇನೇ?" ಎಂದು ಅಮ್ಮ ಮೂಗು ಮುರಿದಳು. ಮುರಿದರೂ ಕೆಲಸ ಬಿಡಲಿಲ್ಲ. ನೀರು ಕಾಯಿಸಿ, ಆರಿಸಿ, ಪುಡಿ ಕಲಸುವುದು ಅವಳದೇ ಉಸ್ತುವಾರಿ. ಕಾಯಿಸದ ನೀರನ್ನು ಕೂಸಿನ ಬಾಯಿಗೆ ಹಾಕುವ ಪೈಕಿ ಅಲ್ಲ ನಾವು.

ಮಾರ್ಚಿನ ಒಂದು ಬೆಳಗ್ಗೆ, "ಇವತ್ತು ಒಳ್ಳೆ ದಿನ, ಗಂಗೆಪೂಜೆ ಮಾಡಿಬಿಡೋಣ," ಎಂದಳು ಅಮ್ಮ. ಬಾಣಂತಿ ಮೊದಲ ಸಲ ಹೊರಗೆ ಕಾಲಿಟ್ಟಾಗ ಬಾವಿಗೆ ಅರಿಶಿನ ಕುಂಕುಮ ಹಚ್ಚಿ, ಕೈಮುಗಿದು, ನೀರು ಒಳಗೆ ತರಬೇಕು. ಅದು ನಮ್ಮ ಪದ್ಧತಿ. 

"ಅಮ್ಮಾ, ಹೊರಗೆ ಮೊಣಕಾಲುದ್ದ ಹಿಮ ಇದೆ," ಎಂದೆ.

"ಅಮೆರಿಕಾ ಆದ್ರೇನು, ಬಾವಿ ಬಾವಿ ತಾನೇ? ಏಳು."

ರೇಷ್ಮೆ ಸೀರೆಯ ಮೇಲೆ ಇವರ ಓವರ್‌ಕೋಟು, ಕಾಲಿಗೆ ಬೂಟು, ಹೀಗೆ ಹೊರಟೆ. ಅಮ್ಮ ಪೊರಕೆಯಿಂದ ಮುಚ್ಚಳದ ಹಿಮ ಗುಡಿಸಿ, ಅಕ್ಕಿಹಿಟ್ಟಿನಲ್ಲಿ ರಂಗೋಲಿ ಎಳೆದು, ನಲ್ಲಿಯಿಂದ ತುಂಬಿ ತಂದ ತಾಮ್ರದ ಚೊಂಬನ್ನು ನಡುವೆ ಇಟ್ಟಳು. ಬಾವಿಗೆ ಬಾಯಿಯೇ ಕಾಣದಿದ್ದ ಮೇಲೆ ಇನ್ನೇನು ಮಾಡುತ್ತಾಳೆ? ಪೂಜೆಗೆ ಅಂತ ಚಪ್ಪಲಿ ಬೇರೆ ಬಿಟ್ಟು ಬರಿಗಾಲಲ್ಲಿ ಹಿಮದ ಮೇಲೆ ನಿಂತಿದ್ದಳು ಪುಣ್ಯಾತ್ಗಿತ್ತಿ.

ಆಗಲೇ ರಸ್ತೆಯಲ್ಲಿ ಒಂದು ಪಿಕಪ್ ಟ್ರಕ್ಕು ಗಕ್ಕನೆ ನಿಂತಿತು. ಗಂಡಸರ ಜಾಕೆಟ್ಟು ಹಾಕಿ, ನರೆತ ಕೂದಲನ್ನು ಉದ್ದ ಜಡೆ ಹೆಣೆದ ಒಬ್ಬ ಎತ್ತರದ ಹೆಂಗಸು ಇಳಿದು ಓಡಿಬಂದಳು. ಅವಳೇ ಡೆಲಿಯಾ. ನಮ್ಮ ರಸ್ತೆಯ ಕೊನೆಯ ಮನೆಯವಳು, ಒಜಿಬ್ವೆ ಜನದವಳು. ಅವಳ ಗಂಡ ಸ್ಟರ್ಲಿಂಗ್ ಹೈಟ್ಸ್‌ನ ಕಾರ್ಖಾನೆಯಲ್ಲಿ ವೆಲ್ಡರ್. ಅವಳ ಇಂಗ್ಲಿಷನ್ನು ನನಗೆ ಕೇಳಿಸಿದ ಹಾಗೆ ಕನ್ನಡದಲ್ಲೇ ಹೇಳುತ್ತೇನೆ.

"ಏನಾಯ್ತು? ಬಾವೀಗೆ ಯಾರಾದ್ರೂ ಬಿದ್ರಾ?"

"ಇಲ್ಲ ಇಲ್ಲ. ನೀರಿಗೆ ಪೂಜೆ ಮಾಡ್ತಿದೀವಿ," ಎಂದೆ. ನಗುತ್ತಾಳೆ ಅಂದುಕೊಂಡಿದ್ದೆ.

ಅವಳು ನಗಲಿಲ್ಲ. ತಾಮ್ರದ ಚೊಂಬನ್ನು ನೋಡಿದಳು, ರಂಗೋಲಿಯನ್ನು ನೋಡಿದಳು. "ನಮ್ಮಜ್ಜಿ ಕೂಡ ತಾಮ್ರದ ಪಾತ್ರೇಲೇ ನೀರು ಒಯ್ತಿದ್ಲು. ನಮ್ಮಲ್ಲಿ ನೀರನ್ನ ನೋಡ್ಕೊಳ್ಳೋದು ಹೆಂಗಸರ ಕೆಲಸ," ಎಂದಳು. ಆಮೇಲೆ ಜೇಬಿನಿಂದ ಒಂದು ಸಿಗರೇಟು ತೆಗೆದು, ಮುರಿದು, ಒಳಗಿನ ಹೊಗೆಸೊಪ್ಪನ್ನು ಎಡಗೈಗೆ ಸುರಿದುಕೊಂಡಳು. ತನ್ನ ಭಾಷೆಯಲ್ಲಿ ಮೆಲ್ಲಗೆ ಏನೋ ಹೇಳಿ, ಅದನ್ನು ನಮ್ಮ ಕುಂಕುಮದ ಪಕ್ಕದಲ್ಲೇ ಮುಚ್ಚಳದ ಮೇಲೆ ಇಟ್ಟಳು.

ಅವಳ ಟ್ರಕ್ಕು ಮರೆಯಾಗುವವರೆಗೆ ಅಮ್ಮ ಹೇಗೋ ತಡೆದುಕೊಂಡಳು. "ಅಯ್ಯೋ ರಾಮ ರಾಮಾ! ಹೊಗೆಸೊಪ್ಪು ಕಣೇ! ಗಂಗಮ್ಮನ ಮುಂದೆ ಹೊಗೆಸೊಪ್ಪು ಇಟ್ಟು ಹೋದಳಲ್ಲೇ! ಎಲ್ಲಾ ಮೈಲಿಗೆ ಮಾಡಿಬಿಟ್ಟಳು!" ಪೊರಕೆ ತೆಗೆದುಕೊಂಡು ಗುಡಿಸಲು ಹೋದರೆ ಗಾಳಿ ಬೀಸಿ ಅರ್ಧ ಸೊಪ್ಪು ಮುಚ್ಚಳದ ಸಂದಿಯೊಳಗೆ ಸೇರಿಕೊಂಡಿತು. ಅಮ್ಮ ಹಣೆ ಚಚ್ಚಿಕೊಂಡಳು. ನನಗೆ ನಗು ತಡೆಯಲಾಗಲಿಲ್ಲ.

ಡೆಲಿಯಾ ಮತ್ತೆ ಬಂದಳು. ಶನಿವಾರ ಶನಿವಾರ ಡೆಟ್ರಾಯಿಟಿನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ತಮ್ಮ ಜನರ ಮಕ್ಕಳಿಗೆ ಅವಳು ಪಾಠ ಹೇಳುತ್ತಿದ್ದಳು. ಕಾರ್ಖಾನೆ ಕೆಲಸಕ್ಕೆ ಉತ್ತರದಿಂದ ಬಂದ ಕುಟುಂಬಗಳ ಮಕ್ಕಳು. ತಮ್ಮ ಭಾಷೆಯ ಒಂದಕ್ಷರವೂ ಗೊತ್ತಿಲ್ಲ. ಅವರಿಗಾಗಿ ಎರಡು ಭಾಷೆಯ ಪುಟ್ಟ ಪುಸ್ತಕ ಮಾಡುವುದು ಅವಳ ಆಸೆ. ಒಂದು ಮಗು ನೀರನ್ನು ಮಾತಾಡಿಸುತ್ತ ಹೋಗುತ್ತದೆ: ಹಿಮವನ್ನು, ತೊರೆಯನ್ನು, ಸರೋವರವನ್ನು, ಕೊನೆಗೆ ಮನೆಯ ಬಾವಿಯನ್ನು. ಪ್ರತಿಯೊಂದಕ್ಕೂ ಒಂದೇ ಪ್ರಶ್ನೆ, "ನಿಬಿ, ನೀನು ಎಲ್ಲಿಂದ ಬಂದೆ?" ಅರ್ಧ ಪದ ಅವಳಿಗೇ ಮರೆತುಹೋಗಿತ್ತು. "ನಮ್ಮಮ್ಮನ್ನ ಸರ್ಕಾರದವರು ಹಾಕಿದ್ದ ಬೋರ್ಡಿಂಗ್ ಸ್ಕೂಲಲ್ಲಿ ಈ ಭಾಷೆ ಆಡಿದ್ದಕ್ಕೆ ಹೊಡೀತಿದ್ರು. ಅವಳು ನಮಗೆ ಕಲಿಸೋಕೇ ಹೆದರಿದ್ಲು," ಎಂದಳು. ಮರೆತ ಪದ ಬಂದಾಗಲೆಲ್ಲ ಉತ್ತರದಲ್ಲಿದ್ದ ಚಿಕ್ಕಮ್ಮನಿಗೆ ಫೋನ್ ಮಾಡಿ ಕೇಳುತ್ತಿದ್ದಳು.

ನಾನು ಮದುವೆಗೆ ಮುಂಚೆ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಟೀಚರ್. ಪರೀಕ್ಷೆ ಬಂತೆಂದರೆ ಸೈಕ್ಲೋಸ್ಟೈಲ್ ಸ್ಟೆನ್ಸಿಲ್ ಮೇಲೆ ಕಪ್ಪೆ, ಜೀರ್ಣಾಂಗ, ದಾಸವಾಳದ ಸೀಳುನೋಟ ಎಲ್ಲ ಕೊರೆದುಕೊಡುತ್ತಿದ್ದವಳು. ಮೇಣದ ಹಾಳೆಯ ಮೇಲೆ ಒಮ್ಮೆ ಎಳೆದ ಗೆರೆ ಅಳಿಸಲಾಗದು. ರಂಗೋಲಿ ಎಳೆದ ಕೈಗೆ ಅದೇನೂ ಕಷ್ಟವಲ್ಲ. "ಚಿತ್ರ ನಾನು ಬರೆದುಕೊಡ್ತೀನಿ," ಎಂದೆ. ಮನೆಯೊಳಗೆ ಮುದುಡಿ ಕೂತಿದ್ದ ನನಗೆ ಆ ಕೆಲಸ ಎಷ್ಟು ಹಿಡಿಸಿತು ಅಂದರೆ, ಮಗು ಮಲಗಿದ ಕೂಡಲೇ ಕಿಟಕಿಯ ಬಳಿ ಕೂತುಬಿಡುತ್ತಿದ್ದೆ. ಅಮ್ಮ ಮಾತ್ರ ಡೆಲಿಯಾ ಬಂದಾಗ ಸೆರಗಿನಿಂದ ಮೂಗು ಮುಚ್ಚಿಕೊಂಡು ಒಳಗೆ ಹೋಗುತ್ತಿದ್ದಳು.

ಬಾವಿಯ ಪುಟ ಕೊನೆಗೆ ಉಳಿದಿತ್ತು. "ನಿಮ್ಮ ಬಾವೀನೇ ಬರಿ," ಎಂದಳು ಡೆಲಿಯಾ. "ಕಿಟಕೀಲಿ ಹೇಗೆ ಕಾಣತ್ತೋ ಹಾಗೇ ಬರಿ. ಚೆನ್ನಾಗಿ ಕಾಣ್ಲಿ ಅಂತ ಏನೂ ಬಿಡಬೇಡ."

ಅಷ್ಟರಲ್ಲಿ ಹಿಮ ಕರಗಲು ಶುರುವಾಗಿತ್ತು. ಹಗಲಿಡೀ ಸೂರಿನಿಂದ ತಟತಟ ನೀರು. ದಿಬ್ಬದ ಮೇಲಿನ ಕೊಟ್ಟಿಗೆಯಲ್ಲಿ ಚಳಿಗಾಲವೆಲ್ಲ ಒಟ್ಟಿದ್ದ ತಿಪ್ಪೆ ಮೆತ್ತಗಾಗಿ, ಕಂದು ನೀರು ಗೆರೆಗೆರೆಯಾಗಿ ಇಳಿದು ಬಾವಿಯ ಸುತ್ತ ಬಂದು ನಿಲ್ಲುತ್ತಿತ್ತು. ಬರಿ ಅಂದಿದ್ದಳಲ್ಲ, ಬರೆದೆ: ಕೊಟ್ಟಿಗೆ, ತಿಪ್ಪೆ, ಇಳಿಯುವ ನೀರು, ಬಾವಿ, ಮುಚ್ಚಳದ ಮೇಲೆ ಅಮ್ಮನ ಕುಂಕುಮದ ಬೊಟ್ಟು. ಮೊದಲು ಕಾಗದದ ಮೇಲೆ ಬರೆದು ಡೆಲಿಯಾಗೆ ಕೊಟ್ಟೆ. ಅದರಲ್ಲಿ ಚಂದದ ಚಿತ್ರವೊಂದು ಬಿಟ್ಟರೆ ನನಗೂ ಏನೂ ಕಾಣಲಿಲ್ಲ, ಅವಳಿಗೂ ಕಾಣಲಿಲ್ಲ.

ಆ ವಾರವೇ ಶ್ಯಾಮನ ತುಟಿಯ ಬಣ್ಣ ಬದಲಾಗಿದ್ದು ನನ್ನ ಕಣ್ಣಿಗೆ ಬಿತ್ತು. ಮೊದಲು ಚಳಿಗೆ ಇರಬೇಕು ಅಂದುಕೊಂಡೆ. ಇನ್ನೊಂದು ಕಂಬಳಿ ಹೊದಿಸಿದೆ. ಬಣ್ಣ ಹೋಗಲಿಲ್ಲ. ತುಟಿ, ಉಗುರಿನ ಬುಡ, ಕಿವಿಯ ತುದಿ, ಎಲ್ಲ ಬೂದಿ ಬೆರೆತ ನೀಲಿ. ಅಮ್ಮ ಮೊದಮೊದಲು, "ಶ್ಯಾಮ ಅಂತ ಹೆಸರಿಟ್ಟ ಮೇಲೆ ಇನ್ನೇನಾಗ್ತಾನೆ, ಬಿಡೇ," ಎಂದು ಮುದ್ದಾಡಿದಳು. ಮಗು ಹಾಲು ಅರ್ಧಕ್ಕೇ ಬಿಟ್ಟು ಸುಸ್ತಾಗಿ ಮಲಗತೊಡಗಿದಾಗ ಅವಳ ಮುದ್ದೂ ನಿಂತಿತು. ದೃಷ್ಟಿ ತೆಗೆದಳು, ಓಮದ ನೀರು ಕುಡಿಸಿದಳು. ಇವರು, "ಹೀಟರ್ ಸರಿಯಿಲ್ಲ, ಸರಿಮಾಡಿಸ್ತೀನಿ," ಎಂದರು. ನಾನು ಮಾತ್ರ ಮಗು ಮಲಗಿದರೆ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತಿದ್ದೆ. ಉಸಿರು ತಗಲಿದರೂ ಸಮಾಧಾನವಿಲ್ಲ, ಮತ್ತೆ ಇಡುತ್ತಿದ್ದೆ.

ಡಾಕ್ಟರ ಹತ್ತಿರ ಹೋದೆವು. ವಯಸ್ಸಾದ ಬಿಳಿಯ ಡಾಕ್ಟರು, ಒಳ್ಳೆಯವರೇ. ಮಗುವನ್ನು ತಿರುಗಿಸಿ ಮುರುಗಿಸಿ ನೋಡಿ, "ನಿಮ್ಮ ಮೈಬಣ್ಣವೇ ಹೀಗಲ್ಲವೇ?" ಎಂದರು. ಅಯ್ಯೋ, ನನ್ನ ಮಗನ ಬಣ್ಣ ನನಗೆ ಗೊತ್ತಿಲ್ಲವೇ! ಅಲ್ಲ ಅಲ್ಲ ಎಂದು ನಾನು ಪಟ್ಟು ಹಿಡಿದಾಗ ಮತ್ತೆ ಎದೆಗೆ ಸ್ಟೆತಸ್ಕೋಪು ಇಟ್ಟು, ಇದ್ದರೆ ಹೃದಯದಲ್ಲಿ ತೂತು ಇರಬಹುದು, ಮುಂದಿನ ವಾರ ಡೆಟ್ರಾಯಿಟಿನಲ್ಲಿ ದೊಡ್ಡ ಡಾಕ್ಟರಿಗೆ ತೋರಿಸಿ ಎಂದರು. ಹೃದಯದಲ್ಲಿ ತೂತು!

ಅಮ್ಮ ಹೃದಯದ ಮಾತನ್ನು ಒಪ್ಪಲೇ ಇಲ್ಲ. "ಹೃದಯಾನೂ ಇಲ್ಲ, ಗಿದಯಾನೂ ಇಲ್ಲ. ಎಲ್ಲಾ ಆ ಹೊಗೆಸೊಪ್ಪು! ಅದೇ ಬಾವೀಲಿ ಇಳಿದಿದೆ. ವಿಷ ಅಲ್ವೇನೇ ಅದು?" ಅಂದಿನಿಂದ ಅವಳು ನೀರು ಕಾಯಿಸುವ ರೀತಿಯೇ ಬದಲಾಯಿತು. ಒಂದು ಕುದಿ ಬಂದರೆ ಇಳಿಸುತ್ತಿದ್ದವಳು ದೊಡ್ಡ ಪಾತ್ರೆ ತುಂಬ ನೀರು ಇಟ್ಟು, ಅದು ಬತ್ತಿ ಬತ್ತಿ ತಳಕ್ಕೆ ಬರುವವರೆಗೆ ಕುದಿಸತೊಡಗಿದಳು. ಕಷಾಯಕ್ಕೆ ಇಟ್ಟ ಹಾಗೆ. ಕಿಟಕಿಯ ಗಾಜೆಲ್ಲ ಹಬೆ ಹಿಡಿದು ಬಾವಿ ಕಾಣದಾಯಿತು. ಆ ನೀರಲ್ಲೇ ಪುಡಿ ಕಲಸಿ, "ಕುಡಿ ನನ್ನಪ್ಪಾ, ಇದರಲ್ಲಿ ಇನ್ನು ಯಾವ ವಿಷಾನೂ ಇಲ್ಲ," ಎಂದು ಕುಡಿಸುತ್ತಿದ್ದಳು. ಮಗು ಇನ್ನಷ್ಟು ನೀಲಿಯಾಯಿತು. ನೀಲಿಯಾದಷ್ಟೂ ಅಮ್ಮ ಇನ್ನಷ್ಟು ಕುದಿಸಿದಳು.

ಹೆದರಿಕೆ ಹೊಕ್ಕ ಮನೆಯಲ್ಲಿ ಬುದ್ಧಿಗೆ ಜಾಗ ಇರುವುದಿಲ್ಲ. ಅಮ್ಮ ಹೇಳಿದ್ದು ನನ್ನ ತಲೆಗೂ ಹೊಕ್ಕಿತು. ಹಿಂದುಮುಂದು ಗೊತ್ತಿಲ್ಲದ ಹೆಂಗಸು, ಅವಳ ಮಂತ್ರ ಏನಿತ್ತೋ ಏನೋ, ಬಾವಿಯ ಮೇಲೆ ಯಾಕೆ ಇಟ್ಟಳೋ! ಡೆಲಿಯಾ ಫೋನ್ ಮಾಡಿದಾಗ, "ಮಗುಗೆ ಹುಷಾರಿಲ್ಲ, ಸ್ವಲ್ಪ ದಿನ ಬರೋದು ಬೇಡ," ಎಂದೆ. "ಆಯ್ತು," ಎಂದು ಫೋನ್ ಇಟ್ಟಳು.

ದೊಡ್ಡ ಡಾಕ್ಟರ ವಾರ ಬರುವ ಮೊದಲೇ ಆ ದಿನ ಬಂತು. ಇವರು ಡಿಯರ್‌ಬಾರ್ನ್‌ಗೆ ಹೋಗಿದ್ದರು, ಇದ್ದ ಒಂದು ಕಾರೂ ಅವರ ಜೊತೆ ಹೋಗಿತ್ತು. ಹೊರಗೆ ಮಳೆ. ಬಾಟಲಿ ಮುಗಿಸಿದ ಶ್ಯಾಮ ಕತ್ತು ವಾಲಿಸಿದ. ತುಟಿ ನೇರಳೆಹಣ್ಣು ತಿಂದವನ ಹಾಗಿತ್ತು. ಎತ್ತಿದರೆ ಅಳಲಿಲ್ಲ, ಕೆನ್ನೆ ತಟ್ಟಿದರೆ ಅಳಲಿಲ್ಲ. ಮಗು ಅಳುತ್ತಿಲ್ಲ ಅನ್ನುವುದಕ್ಕಿಂತ ದೊಡ್ಡ ಹೆದರಿಕೆ ಈ ಲೋಕದಲ್ಲಿ ಇನ್ನೊಂದಿಲ್ಲ. ಇವರ ಆಫೀಸಿಗೆ ಫೋನ್ ಮಾಡಿದೆ, ಮೀಟಿಂಗಿನಲ್ಲಿದ್ದಾರೆ ಎಂದರು. ಆಮೇಲೆ ನನ್ನ ಬೆರಳು ತಿರುಗಿಸಿದ್ದು ಡೆಲಿಯಾಳ ನಂಬರು. ಬೇರೆ ಯಾರ ನಂಬರೂ ನನಗೆ ಬಾಯಿಗೆ ಬರುತ್ತಿರಲಿಲ್ಲ.

"ಬರೋದು ಬೇಡ ಅಂದಿದ್ದೆ," ಎಂದು ಶುರುಮಾಡಿದೆ. "ಮಗು ಅಳ್ತಾನೇ ಇಲ್ಲ."

"ಮಗೂನ ಸುತ್ತಿಕೊಂಡು ಬಾಗಿಲಲ್ಲಿರು," ಎಂದಳು ಡೆಲಿಯಾ.

ಟ್ರಕ್ಕಿನ ಒಂದೇ ಸೀಟಿನಲ್ಲಿ ಮೂವರು ಹೆಂಗಸರು, ನನ್ನ ಮಡಿಲಲ್ಲಿ ಮಗು. ಗ್ರ್ಯಾಂಡ್ ರಿವರ್ ರಸ್ತೆ ಹಿಡಿದು ಡೆಟ್ರಾಯಿಟಿನ ಕಡೆ ಓಡಿಸಿದಳು. ಹಿಮ ಕರಗಿ ಗುಂಡಿ ಬಿದ್ದ ರಸ್ತೆ. ವೈಪರ್ ಒಂದು ಕಡೆ ಕೆಟ್ಟಿತ್ತು. ಮೂಗು ಮುಚ್ಚಿಕೊಳ್ಳುತ್ತಿದ್ದ ಅಮ್ಮ ಡೆಲಿಯಾಳ ಜಾಕೆಟ್ಟಿನ ತೋಳನ್ನು ಗಟ್ಟಿಯಾಗಿ ಹಿಡಿದುಕೊಂಡು ರಾಮ ರಾಮ ಅನ್ನುತ್ತಿದ್ದಳು. ಡೆಲಿಯಾ ಸಿಗ್ನಲ್ಲುಗಳನ್ನೆಲ್ಲ ಬೈಯುತ್ತ, ಹಾರನ್ ಒತ್ತುತ್ತ ಓಡಿಸಿದಳು. ಅವಳ ಕೆನ್ನೆಯೂ ಒದ್ದೆಯಾಗಿತ್ತು. ನಾನು ಮಗುವಿನ ಮೂಗಿನ ಕೆಳಗಿಟ್ಟ ಬೆರಳನ್ನು ಆಸ್ಪತ್ರೆ ಬರುವವರೆಗೂ ತೆಗೆಯಲಿಲ್ಲ.

ಅಲ್ಲೊಬ್ಬ ಎಳೆಯ ಡಾಕ್ಟರ್. ನಿದ್ದೆಗೆಟ್ಟ ಕಣ್ಣು, ಕಾಫಿ ಚೆಲ್ಲಿದ ಕೋಟು. "ಹುಟ್ಟಿದಾಗಲೂ ಇದೇ ಬಣ್ಣಾನಾ?" ಎಂದು ಕೇಳಿದ. ಅಲ್ಲ ಎಂದೆ. ನನ್ನ ಮಾತನ್ನು ನಂಬಿದ, ಅವನ ಹೊಟ್ಟೆ ತಣ್ಣಗಿರಲಿ. ಮಗುವಿನ ಕೆಳತುಟಿಯನ್ನು ಹೆಬ್ಬೆರಳಿನಿಂದ ಮಡಚಿ ಒಸಡು ನೋಡಿದ. ಆಮ್ಲಜನಕ ಕೊಟ್ಟರು, ಬಣ್ಣ ಬದಲಾಗಲಿಲ್ಲ. ರಕ್ತ ತೆಗೆದರು. ದೇವರೇ, ಅದು ಕೆಂಪಗಿರಲಿಲ್ಲ. ಕಾಫಿ ಡಿಕಾಕ್ಷನ್ ಬಣ್ಣಕ್ಕಿತ್ತು. ಬಿಳಿ ಬಟ್ಟೆಯ ಮೇಲೆ ಒಂದು ಹನಿ ಬಿಟ್ಟು ಅವನು ಕಾದು ನೋಡಿದ. ಗಾಳಿ ತಗಲಿದರೂ ಹನಿ ಕಂದಾಗಿಯೇ ಉಳಿಯಿತು. ಅವನು ತಲೆಯೆತ್ತಿ, "ನಿಮ್ಮನೆ ನೀರು ಎಲ್ಲಿಂದ ಬರತ್ತೆ?" ಎಂದು ಕೇಳಿದ.

ಹೈಸ್ಕೂಲಿನಲ್ಲಿ ಕಲಿತಿದ್ದ ನನ್ನ ಇಂಗ್ಲಿಷು ಆ ಗಳಿಗೆಯಲ್ಲಿ ಪೂರ್ತಿ ಒಣಗಿಹೋಯಿತು. ನೀರು ಅನ್ನುವ ಪದ ಅಮ್ಮನಿಗೆ ಅರ್ಥವಾಗಿತ್ತು. "ವೆಲ್! ವೆಲ್ ವಾಟರ್! ಬಾಯಿಲ್! ಬಾಯಿಲ್, ಬಾಯಿಲ್, ಬಾಯಿಲ್!" ಎಂದು ಕೈಯಾಡಿಸಿ, ಪಾತ್ರೆ ತುಂಬಿದ ನೀರು ತಳಕ್ಕೆ ಇಳಿದದ್ದನ್ನೂ ತೋರಿಸಿದಳು. ಡಾಕ್ಟರ ಮುಖ ಕಳೆಗುಂದಿತು.

"ಬಾವಿ ಹತ್ತಿರ ಏನಿದೆ?"

ಡೆಲಿಯಾ ಜಾಕೆಟ್ಟಿನ ಒಳಜೇಬಿನಿಂದ ಮಡಚಿದ ಕಾಗದ ತೆಗೆದು ಬಿಡಿಸಿ ಅವನ ಮುಂದೆ ಹಿಡಿದಳು. ನಾನು ಬರೆದ ಬಾವಿಯ ಪುಟ. "ಇದು ಇವರ ಹಿತ್ತಿಲು. ಇದ್ದ ಹಾಗೇ ಬರೆದಿದ್ದಾಳೆ," ಎಂದಳು. ಅವನು ಬೆರಳನ್ನು ಕೊಟ್ಟಿಗೆಯ ಮೇಲಿಟ್ಟು, ಕಂದು ನೀರಿನ ಗೆರೆ ಹಿಡಿದು ಜಾರಿಸಿ, ಬಾವಿಯ ಮುಚ್ಚಳಕ್ಕೆ ತಂದು ನಿಲ್ಲಿಸಿದ.

ಅವನು ಹೇಳಿದ್ದನ್ನು ನಾನು ಅಮ್ಮನಿಗೆ ಕನ್ನಡದಲ್ಲಿ ಹೇಳಬೇಕಾಯಿತು. ಸಗಣಿಯಿಂದ, ಗೊಬ್ಬರದಿಂದ ಒಂದು ತರಹದ ಉಪ್ಪು ನೆಲದಲ್ಲಿ ಇಳಿದು ಬಾವಿ ಸೇರುತ್ತದೆ. ದೊಡ್ಡವರಿಗೆ ಗೊತ್ತೇ ಆಗುವುದಿಲ್ಲ. ಹಸುಗೂಸಿನ ರಕ್ತ ಮಾತ್ರ ಅದರಿಂದ ಕೆಟ್ಟು, ಉಸಿರನ್ನು ಹೊರಲಾರದ ಹಾಗಾಗುತ್ತದೆ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಇದು ಸಾಯುವುದಿಲ್ಲ. ನೀರು ಬತ್ತಿದಷ್ಟೂ ಇದು ಗಟ್ಟಿಯಾಗುತ್ತದೆ.

ಅಮ್ಮ ತನ್ನ ಎರಡು ಕೈಗಳನ್ನೂ ತಿರುಗಿಸಿ ನೋಡಿಕೊಂಡಳು.

ನರ್ಸು ಒಂದು ಸಿರಿಂಜು ತಂದಳು. ಅದರೊಳಗೆ ಕಡುನೀಲಿ ಔಷಧಿ, ಫೌಂಟನ್ ಪೆನ್ನಿನ ಇಂಕಿನ ಬಣ್ಣ. "ಅಯ್ಯಯ್ಯೋ! ನೀಲಿಯಾದ ಮಗುಗೆ ಇನ್ನೂ ನೀಲಿ ಚುಚ್ಚುತಾರಲ್ಲೇ! ಬೇಡ ಅನ್ನೇ, ಬೇಡ ಅನ್ನು!" ಎಂದು ಅಮ್ಮ ಚೀರಿದಳು. ನನಗೂ ಬೇಡ ಅನ್ನಬೇಕು ಅನ್ನಿಸಿತು. ಡೆಲಿಯಾ ಒಂದು ಕೈಯಲ್ಲಿ ಅಮ್ಮನನ್ನೂ ಇನ್ನೊಂದು ಕೈಯಲ್ಲಿ ನನ್ನನ್ನೂ ಹಿಡಿದುಕೊಂಡು ಗೋಡೆಗೆ ಒರಗಿ ನಿಂತಳು. ನೀಲಿ ಔಷಧಿ ಮೆಲ್ಲ ಮೆಲ್ಲಗೆ ನನ್ನ ಮಗನ ಬೆಂಡೆಕಾಯಿಯಂಥ ತೋಳಿನೊಳಗೆ ಹೋಯಿತು. ಡಾಕ್ಟರ್ ಮತ್ತೆ ಮತ್ತೆ ತುಟಿ ಮಡಚಿ ನೋಡುತ್ತಿದ್ದ. ಎಷ್ಟು ಹೊತ್ತು ನಿಂತಿದ್ದೆವೋ ತಿಳಿಯದು. ಕೊನೆಗೊಮ್ಮೆ ನನ್ನನ್ನು ಹತ್ತಿರ ಕರೆದು, "ನೀನೇ ನೋಡು," ಎಂದ.

ಒಸಡು ಕೆಂಪಾಗುತ್ತಿತ್ತು. ನೋಡನೋಡುತ್ತಲೇ ತುಟಿಗೂ ಬಣ್ಣ ಬಂತು. ಆಮೇಲೆ ಶ್ಯಾಮ ಮುಖ ಕಿವುಚಿಕೊಂಡು ಆಸ್ಪತ್ರೆ ಹಾರಿಹೋಗುವ ಹಾಗೆ ಅತ್ತ. ಅಷ್ಟು ಚಂದದ ಅಳುವನ್ನು ನಾನು ಮತ್ತೆಲ್ಲೂ ಕೇಳಿಲ್ಲ.

ಇವರು ಓಡಿಬರುವ ಹೊತ್ತಿಗೆ ನಾವು ಮೂವರೂ ಹೊರಗಿನ ಬೆಂಚಿನ ಮೇಲೆ ಕೂತಿದ್ದೆವು. ಅಮ್ಮ ನನ್ನ ಕಡೆ ತಿರುಗಿದಳು. "ಅವಳನ್ನ ಕೇಳು. ಆ ದಿನ ಹೊಗೆಸೊಪ್ಪು ಯಾಕೆ ಇಟ್ಟೆ ಅಂತ ಕೇಳು."

ಕೇಳಿದೆ. ಡೆಲಿಯಾ ಆಶ್ಚರ್ಯದಿಂದ ನೋಡಿದಳು. "ನೀರಿನ ಹತ್ರ ಏನಾದ್ರೂ ಕೇಳ್ಕೊಳ್ಳೋಕೆ ಮುಂಚೆ ಏನಾದ್ರೂ ಕೊಡಬೇಕು. ನಮ್ಮಲ್ಲಿ ಹೊಗೆಸೊಪ್ಪು ಕೊಡ್ತೀವಿ."

"ಏನು ಕೇಳ್ಕೊಂಡೆ?"

"ಇನ್ನೇನು ಕೇಳ್ತೀನಿ? ಈ ಮನೇಲಿ ಹೊಸದಾಗಿ ಹುಟ್ಟಿದೆಯಲ್ಲ, ಆ ಮಗು ಚೆನ್ನಾಗಿರ್ಲಿ ಅಂತ."

ನಾನು ಅದನ್ನು ಅಮ್ಮನಿಗೆ ಹೇಳಿದೆ. ಅಮ್ಮ ಡೆಲಿಯಾಳ ಭುಜಕ್ಕೆ ಮುಖ ಒತ್ತಿ ಅತ್ತಳು. ಆ ಜಾಕೆಟ್ಟಿಗೆ ಸಿಗರೇಟಿನ ವಾಸನೆ ಅಡರಿತ್ತು, ಅಮ್ಮ ಮೂಗು ಮುಚ್ಚಿಕೊಳ್ಳಲಿಲ್ಲ.

ನೀರಿನ ಪರೀಕ್ಷೆ ಮಾಡುವವರು ಬಂದು ಬಾವಿ ಕುಡಿಯಲು ತಕ್ಕುದಲ್ಲ ಎಂದು ಬೋರ್ಡು ಹಾಕಿದರು. ಆ ಮುದಿ ರೈತ ಟೋಪಿ ತೆಗೆದು ಅಂಗಳದಲ್ಲಿ ನಿಂತ. ಅವನ ಅಪ್ಪನೂ ಅದೇ ನೀರು ಕುಡಿದವನಂತೆ. ನಾವು ಯಾವ ಊರಿಗೆ ಹೆದರಿ ಓಡಿಬಂದಿದ್ದೆವೋ ಅದರ ಹತ್ತಿರಕ್ಕೇ, ಪುರಸಭೆಯ ನಲ್ಲಿನೀರು ಬರುವ ಮನೆಗೆ ವಾಪಸು ಹೊರಟೆವು. ಸಾಮಾನು ಸಾಗಿಸಲು ಡೆಲಿಯಾಳ ಟ್ರಕ್ಕೇ ಬಂತು.

ಎಲ್ಲ ಏರಿಸಿದ ಮೇಲೆ ಅಮ್ಮ ನನ್ನ ಕಿವಿಯಲ್ಲಿ, "ಅವಳ ಹತ್ರ ಒಂದು ಸಿಗರೇಟು ಇಸ್ಕೊಡೇ," ಎಂದಳು. ನನಗೆ ದಿಗಿಲಾಯಿತು. ಅಮ್ಮ ಸಿಗರೇಟು ಹಿಡಿದು ಹಿತ್ತಲಿಗೆ ಹೋಗಿ, ಚಪ್ಪಲಿ ಬಿಟ್ಟು, ಅದನ್ನು ಮುರಿದು, ಹೊಗೆಸೊಪ್ಪನ್ನು ಮುಚ್ಚಳದ ಮೇಲಿಟ್ಟಳು. ಪಕ್ಕದಲ್ಲಿ ಕುಂಕುಮ ಇಟ್ಟಳು. ನಿಂತುಕೊಂಡು ಏನೋ ಅಂದಳು.

"ಏನು ಬೇಡಿಕೊಂಡೆ?" ಎಂದು ಕೇಳಿದೆ.

"ಬೇಡಿಕೊಳ್ಳೋಕೆ ಯಾವ ಮುಖ ಇದೆ? ಗಂಗಮ್ಮನ ತಲೆ ಮೇಲೆ ತಿಪ್ಪೆ ಸುರಿದು, ಅವಳನ್ನೇ ಕುದಿಸಿ, ಮತ್ತೆ ವರ ಬೇರೆ ಕೇಳಬೇಕಾ? ಹೇಗಿದ್ದೀಯಮ್ಮಾ ಅಂತ ಕೇಳ್ದೆ. ಅಷ್ಟೇ."

ಡೆಲಿಯಾ ಏನಂತೆ ಎಂದು ನನ್ನ ಮುಖ ನೋಡಿದಳು. ಇಂಗ್ಲಿಷಿನಲ್ಲಿ ಹೇಳಿದೆ. ಮಾರನೆಯ ದಿನ ಅವಳು ಚಿಕ್ಕಮ್ಮನಿಗೆ ಫೋನ್ ಮಾಡಿ ಪದಗಳನ್ನು ಸರಿಯಾಗಿ ಕೇಳಿಕೊಂಡು, ಪುಸ್ತಕದ ಕೊನೆಯ ಪುಟದ ಸಾಲು ಬದಲಾಯಿಸಿದಳು. ಎಲ್ಲಿಂದ ಬಂದೆ ಅನ್ನುವ ಪ್ರಶ್ನೆಯ ಜಾಗದಲ್ಲಿ, "ಆನೀನ್ ಎಝಿ-ಅಯಾಯನ್, ನಿಬಿ?" ಎಂದು ಬಂತು. ಕೆಳಗೆ ಇಂಗ್ಲಿಷಿನಲ್ಲಿ, "ನೀರೇ, ನೀನು ಹೇಗಿದ್ದೀಯ?" ಆ ಪುಟದ ಚಿತ್ರವನ್ನು ಮಾತ್ರ ಹಾಗೇ ಇಟ್ಟಳು, ತಿಪ್ಪೆಯ ಸಮೇತ. ಚರ್ಚಿನ ನೆಲಮಾಳಿಗೆಯಲ್ಲಿ ಸೈಕ್ಲೋಸ್ಟೈಲ್ ಹಿಡಿಕೆಯನ್ನು ನಾನೇ ತಿರುಗಿಸಿದೆ. ಶ್ಯಾಮ ಅಮ್ಮನ ತೊಡೆಯ ಮೇಲೆ ಕೂತು, ಹೊರಬರುವ ಒದ್ದೆ ಹಾಳೆಗಳನ್ನು ಹಿಡಿಯಲು ಕೈ ಚಾಚುತ್ತಿದ್ದ.

ಅಮ್ಮ ಹೋಗಿ ವರ್ಷಗಳಾದವು, ಡೆಲಿಯಾ ಕೂಡ ಹೋದಳು. ಆ ಬಾವಿ ಈಗ ಯಾವುದೋ ಸಬ್‌ಡಿವಿಷನ್ನಿನ ಹುಲ್ಲುಹಾಸಿನ ಕೆಳಗಿದೆ. ನನ್ನ ಹೆದರಿಕೆ ಮಾತ್ರ ಹೋಗಿಲ್ಲ. ಐವತ್ತು ದಾಟಿದ ಶ್ಯಾಮ ನನ್ನೆದುರು ನೀರು ಕುಡಿದರೆ, ಲೋಟ ಇಟ್ಟ ಮೇಲೆ ಬೆಳಕಿಗೆ ತಿರುಗಿ ಕೆಳತುಟಿಯನ್ನು ಮಡಚಿ ತೋರಿಸುತ್ತಾನೆ. "ಕೆಂಪಾಗಿದೆ, ಅಮ್ಮಾ. ಆಯ್ತಾ?" ತಮಾಷೆಗೆ ಮಾಡುತ್ತಾನೆ, ಆದರೆ ಬಿಡದೆ ಮಾಡುತ್ತಾನೆ. ಅಪ್ಪನನ್ನು ನೋಡಿ ನೋಡಿ ಇಳಾ ಕೂಡ ಕಲಿತಿದ್ದಾಳೆ, ಯಾಕೆ ಅಂತ ಗೊತ್ತಿಲ್ಲದೆಯೇ.

ಅವತ್ತು ಅವಳಿಗೆ ಇಷ್ಟೂ ಕಥೆ ಹೇಳಿದೆ. ಕೇಳಿ ಎದ್ದುಹೋಗಿ ಫ್ರಿಜ್ಜಿನಿಂದ ಒಂದು ಲೋಟ ನೀರು ಹಿಡಿದು ತಂದಳು. ಕುಡಿಯುವ ಮುಂಚೆ ಲೋಟದೊಳಗೆ ಬಗ್ಗಿ ನೋಡಿ, "ಹೌ ಆರ್ ಯೂ, ನಿಬಿ?" ಎಂದಳು. ಉತ್ತರಕ್ಕೆ ಅಂತ ಸ್ವಲ್ಪ ಹೊತ್ತು ಕಾದಳು ಕೂಡ. ಆಮೇಲೆ ಕುಡಿದು, ನನ್ನ ಹತ್ತಿರ ಬಂದು ತುಟಿ ಮಡಚಿ ತೋರಿಸಿದಳು.

ನೋಡಿದೆ. ಕೆಂಪಾಗಿತ್ತು. ಕನ್ನಡಕ ಹಾಕಿಕೊಂಡು ಇನ್ನೊಂದು ಸಲ ನೋಡಿದೆ.